ಮನೆಯಂಗಳದ ಮರಗಳ ಪಾಲನೆ: ತಿದ್ದಬೇಕಾದ ಒಂದು ಪಾಠ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ವರುಷಕ್ಕೊಮ್ಮೆ ಕೂಡಿಬರುವಾಗ ಗೇಟಿನೊಳಗೆ ಕಾಲಿಟ್ಟೊಡನೆ ಮೊದಲು ಹುಡುಕುವುದು ಉಪಾಧ್ಯಾಯಿನಿಯರನ್ನಲ್ಲ, ಗಂಟೆಮಾವನ್ನು. ಶಾಲೆಯ ಗಂಟೆಯನ್ನು ತೂಗಹಾಕಿದ್ದ ಆ ಮರದ ನೆರಳಿನಲ್ಲಿ ಬುತ್ತಿ ಉಣ್ಣದೆ, ಅದರ ಎಳೆಗಾಯಿಗೆ ಉಪ್ಪು ಮೆಣಸಿನಪುಡಿ ಹಚ್ಚಿ ತಿನ್ನದೆ ಈ ಶಾಲೆಯನ್ನು ಬಿಟ್ಟುಹೋದ ಹುಡುಗಿ ಇರಲಾರಳು. ಈಗ ಆ ಸ್ಥಳದಲ್ಲಿ ಮೊಣಕಾಲೆತ್ತರದ ಬೊಡ್ಡೆಯೊಂದು ಮಾತ್ರ ಉಳಿದಿದೆ. "ಟೀಚರ್, ನಮ್ಮ ಮರವನ್ನು ಯಾಕೆ ಕಡಿಸಿದಿರಿ?" ಎಂದು ಕೇಳಿದವರು ಅನೇಕರು. ನಾವು ಕಡಿಸಲಿಲ್ಲ, ಅದು ತಾನಾಗಿ ಬಿದ್ದಿತು. ಆದರೆ ಅದು ಬೀಳುವುದಕ್ಕೆ ಕಾರಣವಾದವರಲ್ಲಿ ನಾವೂ ಸೇರಿದ್ದೇವೆಂಬುದನ್ನು ಈ ಸ್ಮರಣ ಸಂಚಿಕೆಯಲ್ಲಿ ಒಪ್ಪಿಕೊಳ್ಳುವುದು ನ್ಯಾಯವೆಂದು ತೋರುತ್ತದೆ. ಅದಕ್ಕಿಂತಲೂ ಮುಖ್ಯವಾದ ಕಾರಣವೊಂದಿದೆ. ಆ ಮರಕ್ಕೆ ಕೇಡು ತಂದ ಪಾಠವನ್ನೇ ನಾವು ಹದಿನೇಳು ವರುಷಗಳ ಕಾಲ ತೋಟಗಾರಿಕೆಯ ತರಗತಿಯಲ್ಲಿ ಕಲಿಸಿದ್ದೇವೆ. ಅದನ್ನು ಕಲಿತ ಹುಡುಗಿಯರು ಈಗ ಸ್ವಂತ ಮನೆ ಹಿತ್ತಿಲುಗಳ ಯಜಮಾನಿಯರಾಗಿದ್ದಾರೆ. ನಮ್ಮ ಮಾತನ್ನು ನಂಬಿ ತಮ್ಮ ಮರಗಳಿಗೂ ಅದನ್ನೇ ಮಾಡಿಸುತ್ತಿರಬಹುದು. ಆದಕಾರಣ ಈ ಲೇಖನವನ್ನು ಲೇಖನವೆನ್ನುವುದಕ್ಕಿಂತ ಹಳೆಯ ನೋಟುಪುಸ್ತಕದ ಒಂದು ಪುಟಕ್ಕೆ ಬರೆದ ತಿದ್ದುಪಡಿಯೆಂದು ಓದಬೇಕಾಗಿ ಬೇಡಿಕೊಳ್ಳುತ್ತೇವೆ.

2004ನೆಯ ಇಸವಿಯಲ್ಲಿ ಒಂಬತ್ತನೆಯ ತರಗತಿಗೆ ಹೊಸ ಕೋಣೆಯೊಂದನ್ನು ಕಟ್ಟಿಸಲಾಯಿತು. ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು. ಗಂಟೆಮಾವಿನ ಒಂದು ದೊಡ್ಡ ಗೆಲ್ಲು ಆ ಮಾಡಿನ ಮೇಲಕ್ಕೆ ಚಾಚಿಕೊಂಡಿತ್ತು; ಅದನ್ನು ತೆಗೆಯಲೇಬೇಕಾಯಿತು. ಆಗ ನಾವು ಹೊಸದಾಗಿ ನೇಮಕವಾದ ಉಪಾಧ್ಯಾಯಿನಿ. ತೋಟಗಾರಿಕೆಯ ತರಗತಿ ನಮ್ಮ ಪಾಲಿಗೆ ಬಂದಿತ್ತು. ತರಬೇತಿಯ ಕಾಲದಲ್ಲಿ ಬರೆದುಕೊಂಡಿದ್ದ ನಿಯಮವನ್ನು ನಾವು ಬಾಯಿಪಾಠವಾಗಿ ಬಲ್ಲೆವು: ಗೆಲ್ಲನ್ನು ಕಾಂಡಕ್ಕೆ ಸಮನಾಗಿ, ಸ್ವಲ್ಪವೂ ಉಬ್ಬು ಉಳಿಯದಂತೆ ಕೊಯ್ಯಬೇಕು, ಗಾಯವನ್ನು ಉಳಿಯಿಂದ ನಯಮಾಡಬೇಕು, ನೀರು ಇಳಿಯದಂತೆ ಡಾಂಬರು ಬಳಿಯಬೇಕು. ಶಾಲೆಯ ತೋಟವನ್ನು ನೋಡಿಕೊಳ್ಳುತ್ತಿದ್ದ ಅಜ್ಜನು ಬಂದು, "ಟೀಚರೇ, ಮರದ ಕುತ್ತಿಗೆಯನ್ನು ಮುಟ್ಟಬೇಡಿ, ಒಂದು ಗೇಣು ಬಿಟ್ಟು ಕೊಯ್ಯಿಸಿ" ಎಂದನು. ಗೇಣುದ್ದದ ತುಂಡುಗಳನ್ನು ಮರದಲ್ಲಿ ಮೊಳೆಗಳಂತೆ ಬಿಟ್ಟುಬಿಡುವುದು ಅವನ ಅಭ್ಯಾಸವಾಗಿತ್ತು. ಅದನ್ನು ನಾವು ಸೋಮಾರಿತನವೆಂದೇ ಎಣಿಸಿದ್ದೆವು. ಅವನ ಮಾತನ್ನು ನಡೆಸಲಿಲ್ಲ. ಕೊಯ್ದ ಗಾಯವು ಊಟದ ಬಟ್ಟಲಿಗಿಂತ ಅಗಲವಾಗಿ, ಹಲಗೆಯಂತೆ ಸಪಾಟಾಗಿ ಬಂದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಹುಡುಗಿಯರು ಡಾಂಬರು ಬಳಿದರು, ಅದರ ಚಿತ್ರವನ್ನು ಬರೆದರು. ನಾವು ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಗುರುತು ಹಾಕಿದೆವು.

2021ರ ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯನ್ನು ಹಾದುಹೋದ ಸಂಗತಿ ಎಲ್ಲರಿಗೂ ನೆನಪಿರಬಹುದು. ಆ ಗಾಳಿಗೆ ಗಂಟೆಮಾವು ಬುಡಸಮೇತ ಏಳಲಿಲ್ಲ. ನಡುಕಾಂಡದಲ್ಲಿ, ಆ ಹಳೆಯ ಗಾಯವಿದ್ದ ಕಡೆಯಲ್ಲೇ ಸೀಳಿ, ಯಾವ ಕೋಣೆಯನ್ನು ಕಾಪಾಡುವುದಕ್ಕಾಗಿ ಗೆಲ್ಲನ್ನು ಕೊಯ್ಸಿದ್ದೆವೋ ಅದೇ ಕೋಣೆಯ ಮೇಲೆ ಬಿದ್ದಿತು. ಬೇಸಗೆಯ ರಜೆ, ಅದರ ಮೇಲೆ ಕೋವಿಡ್ ನಿರ್ಬಂಧ, ಆವರಣದಲ್ಲಿ ಒಬ್ಬರೂ ಇರಲಿಲ್ಲ. ಹಂಚು, ಪಕ್ಕಾಸು, ಮುಂದಿನ ಸಾಲಿನ ಮೂರು ಬೆಂಚುಗಳು ಪುಡಿಯಾದುವು. ಸಾಮಾನ್ಯ ವರುಷವಾಗಿದ್ದು, ಗಾಳಿ ಜೂನ್ ತಿಂಗಳಿನಲ್ಲಿ ಬೀಸಿದ್ದರೆ ಆ ಬೆಂಚುಗಳ ಮೇಲೆ ಯಾರಿರುತ್ತಿದ್ದರೆಂದು ಹಾಜರಿಪಟ್ಟಿಯನ್ನು ನೋಡದೆಯೇ ಹೇಳಬಲ್ಲೆವು. ದೇವರ ದಯೆಯಿಂದ ಉಳಿದೆವು ಎಂದು ಹೇಳಿ ಮುಗಿಸಿಬಿಡಬಹುದಾಗಿತ್ತು. ಆದರೆ ಮರ ಕೊಯ್ಯುವವರು ಕಾಂಡವನ್ನು ತುಂಡುಮಾಡಿದಾಗ ಕಂಡ ನೋಟವು ನಮ್ಮನ್ನು ಸುಮ್ಮನಿರಗೊಡಲಿಲ್ಲ. ಡಾಂಬರಿನ ಕಪ್ಪು ಪೊರೆ ಇನ್ನೂ ಅಂಟಿಕೊಂಡಿತ್ತು. ಅದರ ಹಿಂದಿನ ಮರವು ಮಳೆಯಲ್ಲಿ ನೆನೆದ ರೊಟ್ಟಿಯಂತೆ ಮೆತ್ತಗಾಗಿ, ಕೈಯನ್ನು ಮೊಣಕೈವರೆಗೆ ತೂರಿಸುವಷ್ಟು ಟೊಳ್ಳು ಮೇಲಕ್ಕೂ ಕೆಳಕ್ಕೂ ಹಬ್ಬಿತ್ತು. ಕಾಂಡದ ಬೇರೆ ಕಡೆಯಲ್ಲಿ ಅಜ್ಜನು ಎಂದೋ ಗೇಣು ಬಿಟ್ಟು ಕಡಿದಿದ್ದ ಸಣ್ಣ ಗೆಲ್ಲಿನ ತುಂಡೂ ಸಿಕ್ಕಿತು. ಆ ತುಂಡೂ ಕೊಳೆತಿತ್ತು. ಆದರೆ ಕೊಳೆಯುವಿಕೆ ಗೆಲ್ಲಿನ ಬುಡದ ಉಬ್ಬಿನವರೆಗೆ ಬಂದು, ಅಲ್ಲಿಗೆ ಯಾರೋ ಗೆರೆ ಎಳೆದಂತೆ ನಿಂತಿತ್ತು. ಅದರಾಚೆಯ ಕಾಂಡವು ಹಳದಿಯಾಗಿ ಗಟ್ಟಿಯಾಗಿತ್ತು. ಅಜ್ಜನು 2012ರಲ್ಲಿ ತೀರಿಕೊಂಡಿದ್ದನು. ಅವನಿಗೆ ಹೇಳಬೇಕಾಗಿದ್ದ ಮಾತು ನಮ್ಮಲ್ಲೇ ಉಳಿಯಿತು.

ಆ ಗೆರೆಯನ್ನು ಎಳೆದವರಾರು ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಾಗ ನಾವು ಅಲೆಕ್ಸ್ ಶೈಗೋ (1930–2006) ಎಂಬವರ ಕೆಲಸವನ್ನು ಓದಿದೆವು. ಅವರು ಅಮೆರಿಕ ಸಂಯುಕ್ತ ಸಂಸ್ಥಾನದ ಅರಣ್ಯ ಇಲಾಖೆಯಲ್ಲಿದ್ದ ವಿಜ್ಞಾನಿ. ಹಿಂದಿನವರು ಮರವನ್ನು ಅಡ್ಡಲಾಗಿ ಕೊಯ್ದು ನೋಡುತ್ತಿದ್ದರೆ, ಇವರು ಯಂತ್ರದ ಗರಗಸದಿಂದ ಉದ್ದುದ್ದವಾಗಿ ಸೀಳಿ ಗಾಯಗಳ ಒಳದಾರಿಯನ್ನು ನೋಡಿದರು. ಅವರು ಕಂಡುಕೊಂಡದ್ದು ಇಷ್ಟು: ನಮ್ಮ ಮೈಯ ಗಾಯವು ಮಾಯುವಂತೆ ಮರದ ಗಾಯವು ಮಾಯುವುದಿಲ್ಲ. ಕೆಟ್ಟ ಅಂಗಾಂಶವನ್ನು ತೆಗೆದು ಹೊಸದನ್ನು ಅದೇ ಸ್ಥಳದಲ್ಲಿ ಬೆಳೆಸುವ ಶಕ್ತಿ ಮರಕ್ಕಿಲ್ಲ. ಅದು ಮಾಡುವುದು ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಅಲ್ಲೇ ಸೆರೆಯಿಡುವುದು. ಅನಂತರ ಅದರ ಮೇಲೆ ವರುಷ ವರುಷವೂ ಹೊಸ ಮರವನ್ನು ಬೆಳೆಸುತ್ತ ಹೋಗುವುದು. ಈ ಗೋಡೆಗಳಲ್ಲಿ ಮೇಲಕ್ಕೂ ಕೆಳಕ್ಕೂ ಹಬ್ಬುವುದನ್ನು ತಡೆಯುವ ಗೋಡೆಯೇ ಎಲ್ಲಕ್ಕಿಂತ ದುರ್ಬಲವಾದುದು. ಗಾಯವಾದ ಮೇಲೆ ಹೊಸದಾಗಿ ಬೆಳೆಯುವ ಪದರದ ಗೋಡೆಯೇ ಬಲವಾದುದು. ಗೆಲ್ಲು ಕಾಂಡವನ್ನು ಕೂಡುವ ಸ್ಥಳದಲ್ಲಿ ಸುತ್ತಲೂ ಬಳೆಯಂತೆ ಒಂದು ಉಬ್ಬು ಇರುತ್ತದಷ್ಟೆ. ಅಜ್ಜನು ಮರದ ಕುತ್ತಿಗೆಯೆಂದು ಕರೆದದ್ದು ಅದನ್ನೇ. ಅದು ಕಾಂಡದ ಭಾಗವೇ ಹೊರತು ಗೆಲ್ಲಿನ ಭಾಗವಲ್ಲ. ಗೆಲ್ಲಿನ ಕೊಳೆತವು ಕಾಂಡಕ್ಕೆ ಇಳಿಯದಂತೆ ತಡೆಯುವ ಕಾವಲು ಆ ಉಬ್ಬಿನೊಳಗಿದೆ. ನಾವು ನಯವಾಗಿ, ಸಪಾಟಾಗಿ ಕೊಯ್ಸಿದಾಗ ಕೊಯ್ಸಿದ್ದು ಗೆಲ್ಲನ್ನು ಮಾತ್ರವಲ್ಲ, ಆ ಕಾವಲನ್ನೂ. ಶೈಗೋ ಅವರ ಈ ವಿಚಾರವು 1977ರಲ್ಲಿಯೇ ಅಚ್ಚಾಗಿತ್ತು. ನಾವು 2004ರಲ್ಲಿ ಕಲಿಸಿದ ಪಾಠ ಆಗಲೇ ಇಪ್ಪತ್ತೇಳು ವರುಷ ಹಳತಾಗಿತ್ತೆಂಬುದನ್ನು ಉಪಾಧ್ಯಾಯಿನಿಯರಾದ ನಾವು ನಾಚಿಕೆಯಿಂದಲೇ ಬರೆಯುತ್ತೇವೆ.

ಈಗ ನೋಟುಪುಸ್ತಕವನ್ನು ತಿದ್ದೋಣ. ಕೊಯ್ಯಬೇಕಾದ ಗೆರೆಯು ನಮ್ಮ ಅಭ್ಯಾಸಕ್ಕೂ ಅಜ್ಜನ ಅಭ್ಯಾಸಕ್ಕೂ ನಡುವೆ ಇದೆ. ಉಬ್ಬನ್ನು ಕಾಂಡದಲ್ಲೇ ಉಳಿಸಿ, ಅದಕ್ಕೆ ತಾಗಿದಂತೆ ಹೊರಗಡೆಯಲ್ಲಿ ಕೊಯ್ಯಬೇಕು. ಗೇಣುದ್ದದ ತುಂಡನ್ನೂ ಬಿಡಬಾರದು. ಆ ತುಂಡು ಸತ್ತು ಕೊಳೆತು, ಕೊಳೆಯುವ ಶಿಲೀಂಧ್ರಕ್ಕೆ ಊಟದ ಬುತ್ತಿಯಾಗುತ್ತದೆ. ಹೊಸ ತೊಗಟೆ ಅದನ್ನು ದಾಟಿ ಮುಚ್ಚಿಕೊಳ್ಳಲಾರದು. ಸರಿಯಾಗಿ ಕೊಯ್ದ ಗಾಯವು ಸಾಮಾನ್ಯವಾಗಿ ದುಂಡಗಿರುತ್ತದೆ. ಕಾಂಡಕ್ಕೆ ಸಮನಾಗಿ ಕೊಯ್ದದ್ದು ಉದ್ದನೆಯ ಮೊಟ್ಟೆಯಾಕಾರವಾಗಿ, ಬಹಳ ದೊಡ್ಡದಾಗಿರುತ್ತದೆ. ಒಂದೆರಡು ವರುಷಗಳ ಅನಂತರ ನೋಡಿದರೆ ಸರಿಯಾದ ಗಾಯದ ಸುತ್ತ ಹೊಸ ತೊಗಟೆಯ ಉಂಗುರವು ಪೂರ್ತಿಯಾಗಿ ಬೆಳೆದಿರುತ್ತದೆ. ತಪ್ಪಾದುದರಲ್ಲಿ ಎರಡು ಪಕ್ಕಗಳಲ್ಲಿ ಮಾತ್ರ ತುಟಿಗಳಂತೆ ಬೆಳೆದು, ಮೇಲೂ ಕೆಳಗೂ ಬರಿದಾಗಿರುತ್ತದೆ. ನಿಮ್ಮ ಹಿತ್ತಿಲಿನ ಹಳೆಯ ಗಾಯಗಳನ್ನು ನೋಡಿಯೇ ಅವುಗಳನ್ನು ಮಾಡಿದವನ ಕೈಯನ್ನು ಪರೀಕ್ಷಿಸಬಹುದು.

ಭಾರವಾದ ಗೆಲ್ಲನ್ನು ಒಂದೇ ಕೊಯ್ತದಲ್ಲಿ ತೆಗೆಯಬಾರದು. ಹಾಗೆ ಮಾಡಿದರೆ ಕೊಯ್ತ ಮುಗಿಯುವ ಮೊದಲೇ ಗೆಲ್ಲು ತನ್ನ ತೂಕದಿಂದ ಮುರಿದು, ಬಾಳೆಯ ಪಟ್ಟೆ ಸುಲಿದಂತೆ ಕಾಂಡದ ತೊಗಟೆಯನ್ನು ಉದ್ದಕ್ಕೂ ಕಿತ್ತುಕೊಂಡು ಬೀಳುತ್ತದೆ. ಮೊದಲು ಉಬ್ಬಿನಿಂದ ಒಂದು ಒಂದೂವರೆ ಅಡಿ ದೂರದಲ್ಲಿ ಗೆಲ್ಲಿನ ಕೆಳಗಡೆಯಿಂದ ಮೂರನೆಯ ಒಂದು ಪಾಲಿನಷ್ಟು ಗರಗಸ ಹಾಕಬೇಕು. ಎರಡನೆಯದಾಗಿ, ಅದಕ್ಕಿಂತ ಇನ್ನೂ ಒಂದೆರಡು ಅಂಗುಲ ಹೊರಗೆ ಮೇಲಿನಿಂದ ಕೊಯ್ದು ಗೆಲ್ಲನ್ನು ಇಳಿಸಬೇಕು. ಭಾರವೆಲ್ಲ ಹೋದ ಮೇಲೆ, ಉಳಿದ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಉಬ್ಬಿನ ಹೊರಗೆ ಮೂರನೆಯ ಕೊಯ್ತ. ಇದನ್ನು ಕತ್ತಿಯಿಂದ ಕೊಚ್ಚಿಸದೆ ಗರಗಸದಿಂದಲೇ ಮಾಡಿಸಬೇಕು. ಕೆಲಸದವರು "ಇದೆಲ್ಲ ಯಾಕಮ್ಮ?" ಎಂದು ಮುಖ ನೋಡುತ್ತಾರೆ, ಎದುರಿಗೆ ನಿಂತು ಮಾಡಿಸಿಕೊಳ್ಳದೆ ಗತಿಯಿಲ್ಲ. ಒಂದೆರಡು ಅಂಗುಲ ದಪ್ಪದ ಗೆಲ್ಲಿನ ಗಾಯ ಬೇಗನೆ ಮುಚ್ಚಿಕೊಳ್ಳುತ್ತದೆ. ಅರ್ಧ ಅಡಿ ದಪ್ಪದ್ದು ಮುಚ್ಚಿಕೊಳ್ಳುವ ಮೊದಲೇ ಕೊಳೆಯುವ ಸಂಭವ ಹೆಚ್ಚು. ಆದುದರಿಂದ ತೆಗೆಯಬೇಕಾದುದನ್ನು ಚಿಕ್ಕದಿರುವಾಗಲೇ ತೆಗೆಯುವುದು ಮೇಲು.

ಡಾಂಬರಿನ ವಿಷಯ. ಡಾಂಬರು, ಬಣ್ಣ, ಸಗಣಿ ಮೊದಲಾದ ಲೇಪಗಳಿಂದ ಕೊಳೆಯುವುದು ನಿಲ್ಲುವುದಿಲ್ಲ. ಪೊರೆ ಬಿರಿದ ಕಡೆ ನೀರು ಒಳಸೇರಿ ಆರದೆ ನಿಲ್ಲುತ್ತದೆ. ಶಿಲೀಂಧ್ರಕ್ಕೆ ಬೇಕಾದುದೂ ಅದೇ. ಗಾಯವನ್ನು ಗಾಳಿಗೆ ಬಿಡುವುದೇ ಲೇಸು. ನಮ್ಮ ಜಿಲ್ಲೆಯಲ್ಲಿ ಮಳೆಗೆ ಮುಂಚೆ ಮಾವಿನ ಗಾಯಕ್ಕೆ ಬೋರ್ಡೋ ಮುಲಾಮನ್ನು ಹಚ್ಚುವ ರೂಢಿಯುಂಟು. ಮೈಲುತುತ್ತವೂ ಸುಣ್ಣವೂ ಒಂದೊಂದು ಕಿಲೋ, ನೀರು ಹತ್ತು ಲೀಟರು. ತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ, ಕಬ್ಬಿಣವಲ್ಲದ ಪಾತ್ರೆಗಳಲ್ಲಿ ಕರಗಿಸಿ ಅನಂತರ ಕೂಡಿಸುವುದು. ಅದು ಶಿಲೀಂಧ್ರಕ್ಕೆ ಮದ್ದೇ ಹೊರತು ಗಾಯಕ್ಕೆ ಮುಚ್ಚಳವಲ್ಲ. ಹಚ್ಚಿದರೆ ಅಡ್ಡಿಯಿಲ್ಲ, ಆದರೆ ತಪ್ಪಾದ ಕೊಯ್ತವನ್ನು ಅದು ಸರಿಪಡಿಸದು.

ಕಾಲದ ವಿಷಯದಲ್ಲಿ, ಒಣಗಿದ ಗೆಲ್ಲನ್ನು ಯಾವಾಗಲಾದರೂ ತೆಗೆಯಬಹುದು. ಮಾವಿಗೆ ಫಸಲು ಇಳಿದೊಡನೆ. ಉಳಿದವಕ್ಕೆ ಮಳೆ ನಿಂತ ಮೇಲೆ, ಒಣ ಹವೆಯ ತಿಂಗಳುಗಳಲ್ಲಿ.

ಗಂಟೆಮಾವು ಬಿದ್ದ ಮೇಲೆ ಊರಿನವರಿಂದ ನಮಗೆ ಬಂದ ಸಲಹೆಗಳಲ್ಲಿ ಹೆಚ್ಚಿನವು "ಎಲ್ಲ ಮರಗಳ ತಲೆ ಹಾರಿಸಿಬಿಡಿ" ಎಂಬುದೇ ಆಗಿದ್ದುವು. ಮೇ ತಿಂಗಳು ಬಂತೆಂದರೆ ಕತ್ತಿ ಹಗ್ಗ ಹಿಡಿದು "ಮರ ಸವರಲಿಕ್ಕಿದೆಯಾ?" ಎಂದು ಕೇಳುತ್ತ ಬರುವವರು ಮಾಡಿಹೋಗುವುದೂ ಇದನ್ನೇ. ಮರದ ನೆತ್ತಿಯನ್ನು ಅಡ್ಡಲಾಗಿ ಕಡಿದು ಬೋಳು ಕಂಬದಂತೆ ನಿಲ್ಲಿಸಿದರೆ ಮನೆಯವರಿಗೆ ಧೈರ್ಯ ಬರುತ್ತದೆ. ಆದರೆ ಅಪಾಯವು ಕಡಿಮೆಯಾಗುವುದಿಲ್ಲ, ಕೆಲವು ವರುಷ ಮುಂದಕ್ಕೆ ಹೋಗುತ್ತದೆ. ಎಲೆಯೇ ಮರದ ಅಡಿಗೆಮನೆ. ಅದೆಲ್ಲ ಹೋದಾಗ ಮರವು ಕೂಡಿಟ್ಟ ಸತ್ತ್ವವನ್ನು ವೆಚ್ಚಮಾಡಿ ಗಾಯದ ಅಂಚಿನಿಂದ ಹತ್ತಾರು ಚಿಗುರುಗಳನ್ನು ಎಬ್ಬಿಸುತ್ತದೆ. ಈ ಚಿಗುರುಗಳು ಬಲು ಬೇಗ ನೀಳವಾಗಿ ಬೆಳೆಯುತ್ತವೆ, ಆದರೆ ಒಳಮರದಲ್ಲಿ ಬೇರೂರದೆ ತೊಗಟೆಯ ಅಂಚಿಗೆ ಅಂಟಿಕೊಂಡಂತಿರುತ್ತವೆ. ಅವುಗಳ ಕೆಳಗೆ ಕಡಿದ ಬಾಯಿ ಕೊಳೆಯುತ್ತಿರುತ್ತದೆ. ನಾಲ್ಕೈದು ಮಳೆಗಾಲ ಕಳೆದು ಅವು ತೊಡೆಗಾತ್ರವಾದಾಗ ಒಂದು ಗಾಳಿಗೆ ಕಳಚಿ ಬೀಳುತ್ತವೆ. ಜೀವವುಳ್ಳ ಸೊಪ್ಪುಗೆಲ್ಲುಗಳಲ್ಲಿ ಒಂದು ವರುಷಕ್ಕೆ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚನ್ನು ತೆಗೆಯಬಾರದು. ಮುದಿಮರವಾದರೆ ಇನ್ನೂ ಕಡಿಮೆ. ಎತ್ತರವನ್ನು ತಗ್ಗಿಸಲೇಬೇಕಾದರೆ ಉದ್ದದ ಗೆಲ್ಲನ್ನು, ಅದರಿಂದ ಕವಲೊಡೆದ ಇನ್ನೊಂದು ಬಲವಾದ ಗೆಲ್ಲಿನ ಬುಡದವರೆಗೆ ಹಿಂದಕ್ಕೆ ಕೊಯ್ಯಬೇಕೇ ಹೊರತು ನಡುವಿನಲ್ಲಿ ಕಡಿಯಬಾರದು.

ಮರಕ್ಕೆ ಶಿಸ್ತು ಕಲಿಸುವ ಕಾಲ ಬಾಲ್ಯವೇ. ಎಳೆಯ ಗಿಡದಲ್ಲಿ ಎರಡು ತುದಿಗಳು ಸಮಬಲದಿಂದ ಮೇಲೇಳುತ್ತಿದ್ದರೆ ಒಂದನ್ನು ಆಗಲೇ ಕತ್ತರಿಸಿಬಿಡಬೇಕು. ಇಲ್ಲವಾದರೆ ಅವೆರಡೂ ದಪ್ಪವಾಗುತ್ತ ಹೋದಂತೆ ನಡುವಿನ ಕಿರಿದಾದ ಸಂದಿಯಲ್ಲಿ ತೊಗಟೆ ಒಳಗೆ ಸಿಕ್ಕಿಕೊಂಡು, ಮರಕ್ಕೆ ಮರ ಬೆಸೆಯದೆ, ಮುಂದೆ ಸೀಳಿಕೊಳ್ಳುವ ಸ್ಥಳವಾಗುತ್ತದೆ. ಇದಕ್ಕೆ ಏಣಿಯೂ ಬೇಡ, ಆಳೂ ಬೇಡ. ಕತ್ತರಿ ಹಿಡಿಯಬಲ್ಲ ಗೃಹಿಣಿ ಐದು ನಿಮಿಷದಲ್ಲಿ ಮಾಡಿ ಮುಗಿಸುವ ಈ ಕೆಲಸವನ್ನು ಬಿಟ್ಟರೆ, ಇಪ್ಪತ್ತು ವರುಷಗಳ ಮೇಲೆ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿಕೊಳ್ಳಬೇಕಾಗುತ್ತದೆ.

ಬೇರಿನ ಮಾತಿಗೆ ಬಂದರೆ, ಕಣ್ಣಿಗೆ ಕಾಣದ್ದರಿಂದಲೋ ಏನೋ, ಇಲ್ಲಿ ನಮ್ಮ ಅನ್ಯಾಯ ಇನ್ನೂ ಹೆಚ್ಚು. ಮರದ ಎತ್ತರದಷ್ಟೇ ಆಳಕ್ಕೆ ಬೇರು ಇಳಿದಿರುತ್ತದೆಂಬುದು ತಪ್ಪು ತಿಳಿವಳಿಕೆ. ಆಹಾರ ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲೇ, ಗೆಲ್ಲುಗಳ ನೆರಳನ್ನೂ ದಾಟಿ ಹಬ್ಬಿರುತ್ತವೆ. ಅವುಗಳಿಗೆ ನೀರು ಬೇಕಾದಂತೆ ಗಾಳಿಯೂ ಬೇಕು. ಈಚೆಗೆ ಮನೆ ಕಟ್ಟಿಸಿದವರೆಲ್ಲರೂ ಅಂಗಳಕ್ಕೆ ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್ ಕಲ್ಲು ಹಾಸಿಸಿ, ಮರದ ಕೊರಳಿಗೆ ಸಿಮೆಂಟಿನ ಪಟ್ಟಿ ಬಿಗಿಸುತ್ತಾರೆ. ಮೂರು ವರುಷಗಳ ಅನಂತರ ಮಾವು ಹೂ ಬಿಡಲಿಲ್ಲವೆಂದು ನಮ್ಮನ್ನು ಕೇಳುತ್ತಾರೆ. ದೆಹಲಿ ನಗರದಲ್ಲಿ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ಆಜ್ಞೆಮಾಡಿತು. ಒಂದು ಮೀಟರಾದರೂ ಕನಿಷ್ಠವೆಂದೇ ತಿಳಿಯಬೇಕು. ಕೊಳವೆಗಾಗಿಯೋ ಅಡಿಪಾಯಕ್ಕಾಗಿಯೋ ಅಗೆಯುವುದಾದರೆ ಬೇರೊಂದು ಲೆಕ್ಕವಿದೆ: ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ಎಷ್ಟೋ ಅದರ ಹನ್ನೆರಡು ಪಾಲು ದೂರದವರೆಗೆ ಬೇರಿನ ನೆಲವೆಂದು ಎಣಿಸಬೇಕು. ಒಂದು ಅಡಿ ದಪ್ಪದ ಮರಕ್ಕೆ ಹನ್ನೆರಡು ಅಡಿ. ಅದರೊಳಗೆ ಸಾಲು ತೋಡಿಸಿದರೆ ಮರದ ಒಂದು ಕಡೆಯ ಹಗ್ಗಗಳನ್ನೆಲ್ಲ ಕಡಿದಂತೆ. ಗಾಳಿ ಬಂದಾಗ ಅದು ಇನ್ನೊಂದು ಕಡೆಗೆ ಮಲಗುತ್ತದೆ. ಬುಡಕ್ಕೆ ಮಣ್ಣು ಏರಿಸುವುದೂ ತಪ್ಪು. ಕಾಂಡವು ನೆಲ ಸೇರುವ ಕಡೆ ಅಗಲವಾಗಿ ಹರಡಿಕೊಂಡಿರುವುದು ಕಣ್ಣಿಗೆ ಕಾಣುತ್ತಿರಬೇಕು. ಎಲ್ಲಕ್ಕಿಂತ ನಮ್ಮನ್ನು ನೋಯಿಸುವುದು ದಿನಾಲೂ ಗುಡಿಸಿದ ತರಗೆಲೆಯನ್ನು ಮರದ ಬುಡದಲ್ಲಿಯೇ ಸುಡುವ ಅಭ್ಯಾಸ. ಮರವು ತನ್ನ ಬೇರಿಗೆಂದು ಉದುರಿಸಿದ ಗೊಬ್ಬರದಿಂದಲೇ ಅದರ ತೊಗಟೆಯನ್ನು ಬೇಯಿಸುವುದು ಎಂಥ ಮನೆಗೆಲಸ! ಆ ಎಲೆಯನ್ನು ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಸುತ್ತಲೂ ಹರಡಿದರೆ ಸಾಕು.

ತೆಂಗನ್ನು ಇವುಗಳ ಸಾಲಿನಲ್ಲಿ ಸೇರಿಸಬಾರದು. ಅದು ಹುಲ್ಲಿನ ಕಡೆಯ ನೆಂಟ. ತೊಗಟೆಯಡಿಯಲ್ಲಿ ಹೊಸ ಮರವನ್ನು ಬೆಳೆಸುವ ಪದರವೇ ಅದಕ್ಕಿಲ್ಲ. ಹತ್ತುವುದಕ್ಕೆಂದು ಕಾಂಡದಲ್ಲಿ ಕೊಚ್ಚಿದ ಮೆಟ್ಟಿಲು ಮರವಿರುವ ತನಕ ತೆರೆದ ಗಾಯವಾಗಿಯೇ ಇರುತ್ತದೆ. ಬೆಳೆಯುವ ಸುಳಿ ಒಂದೇ; ಅದು ಕೆಟ್ಟರೆ ಮರ ಮುಗಿಯಿತು. ಮಾಡಿನ ಮೇಲೆ ಬೀಳುತ್ತವೆಂದು ಹಸಿ ಮಡಲುಗಳನ್ನು ಕಡಿಸುವವರು ಎರಡು ಸಂಗತಿಗಳನ್ನು ತಿಳಿದಿರಬೇಕು. ಹಸಿರಾದ ಮಡಲು ಗೊನೆಗೆ ಆಹಾರವನ್ನು ಕೊಡುವುದಲ್ಲದೆ ಅದಕ್ಕೆ ಆಧಾರವಾಗಿಯೂ ಇದೆ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಹಾರಿಬಂದು ಮೊಟ್ಟೆಯಿಡುತ್ತದೆ. ಅದರ ಮರಿಗಳು ಒಳಗೆ ತಿಂದು ಟೊಳ್ಳು ಮಾಡುವುದು ಮರದ ತಲೆ ಬಾಗುವ ತನಕ ಹೊರಗೆ ಕಾಣದೆಯೂ ಇರಬಹುದು. ಅನಿವಾರ್ಯವಾಗಿ ಹಸಿ ಮಡಲನ್ನು ಕಡಿಯಬೇಕಾದರೆ ಬುಡದಲ್ಲಿ ಸುಮಾರು ಮೂರು ನಾಲ್ಕು ಅಡಿ ದಂಟನ್ನು ಬಿಟ್ಟು ಕಡಿಸಬೇಕು. ಮಾವಿಗೆ ತಪ್ಪಾದ ತುಂಡು ತೆಂಗಿಗೆ ಸರಿಯಾಗಿರುವುದು ಹೀಗೆ. ಅಜ್ಜನು ಈ ತೆಂಗಿನ ಪಾಠವನ್ನೇ ಎಲ್ಲ ಮರಗಳಿಗೂ ಹಚ್ಚುತ್ತಿದ್ದನೋ ಏನೋ. ಮಳೆಗೆ ಮುಂಚೆ ಒಣಮಡಲು, ಕೊತ್ತಳಿಗೆ, ಬಲಿತ ಕಾಯಿ ಇವುಗಳನ್ನು ಇಳಿಸಿ ತಲೆಯನ್ನು ಶುಚಿಮಾಡಿಸಿದರೆ ಸುಳಿಕೊಳೆಯ ಭಯವೂ ಕಾಯಿ ಬೀಳುವ ಭಯವೂ ಕಡಿಮೆಯಾಗುತ್ತದೆ.

ಮಾವಿನ ಮೇಲೆ ಬೆಳೆಯುವ ಬಂದಳಿಕೆಯನ್ನು ಮೇಲಿನಿಂದ ಕಿತ್ತರೆ ಸಾಲದು. ಅದರ ಬೇರು ಗೆಲ್ಲಿನೊಳಗೆ ಹಬ್ಬಿರುತ್ತದಾದುದರಿಂದ ಅದು ಹತ್ತಿದ ಸ್ಥಳದಿಂದ ಒಂದೆರಡು ಅಡಿ ಕೆಳಗೆ ಗೆಲ್ಲನ್ನೇ ತೆಗೆಯಬೇಕು, ಅದೂ ಹಣ್ಣಾಗಿ ಹಕ್ಕಿಗಳು ಬೀಜವನ್ನು ಹರಡುವ ಮೊದಲು. ಕಾಂಡದಿಂದ ಮರದ ಪುಡಿ ಸೋರುತ್ತಿದ್ದರೆ ಒಳಗೆ ಕೊರೆಯುವ ಹುಳು ಇದೆಯೆಂದು ತಿಳಿದು ತಂತಿಯ ಕೊಕ್ಕೆಯಿಂದ ಎಳೆದು ತೆಗೆಯಬೇಕು. ಬಟ್ಟೆ ಒಣಗಿಸುವ ತಂತಿಯನ್ನು ಕಾಂಡಕ್ಕೆ ಸುತ್ತಿ ಕಟ್ಟಬಾರದು. ಮರ ದಪ್ಪವಾದಂತೆ ಅದು ಉರುಳಾಗುತ್ತದೆ. ನಮ್ಮ ಗಂಟೆಯ ಕಬ್ಬಿಣದ ಬಳೆಯೂ ಗೆಲ್ಲಿನೊಳಗೆ ಅರ್ಧ ಹುದುಗಿಹೋಗಿತ್ತು.

ಇನ್ನು ಯಾವ ಮರಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ? ವಾಲಿದ ಮರವೆಲ್ಲ ಬೀಳುವುದಿಲ್ಲ. ಎಳೆತನದಿಂದಲೂ ವಾಲಿ ಬೆಳೆದು ತುದಿಯಲ್ಲಿ ನೆಟ್ಟಗಾದದ್ದು ತನ್ನ ಭಾರವನ್ನು ತಾನು ಬಲ್ಲುದು. ಹೊಸದಾಗಿ ವಾಲಿದ್ದು, ವಾಲಿದ ಹಿಂಬದಿಯಲ್ಲಿ ಮಣ್ಣು ಬಿರಿದು ಎದ್ದದ್ದು ಅಪಾಯ. ಬುಡದಲ್ಲಿ ಗಟ್ಟಿಯಾದ, ತಟ್ಟೆಯಂಥ ಅಣಬೆಗಳು ಮೂಡಿದ್ದರೆ ಬೇರು ಕೊಳೆಯುತ್ತಿರುವ ಸೂಚನೆ. ಕವಲಿನಲ್ಲಿ ಬಿರುಕು, ನೆತ್ತಿಯಿಂದ ಕೆಳಕ್ಕೆ ಒಣಗುತ್ತ ಬರುವುದು, ಎಲೆಯಿಲ್ಲದೆ ತೂಗುವ ಗೆಲ್ಲು, ಇವನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ನೋಡಬೇಕು. ಟೊಳ್ಳಾದ ಮಾತ್ರಕ್ಕೆ ಮರ ದುರ್ಬಲವೆಂದಲ್ಲ, ಕೊಳವೆಯೂ ಟೊಳ್ಳೇ. ಆದರೆ ಸುತ್ತಲಿನ ಗಟ್ಟಿಮರ ತೆಳ್ಳಗಾಗಿದ್ದರೆ, ಅಥವಾ ಟೊಳ್ಳಿನ ಬಾಯಿ ಒಂದು ಪಕ್ಕಕ್ಕೆ ಅಗಲವಾಗಿ ತೆರೆದಿದ್ದರೆ, ಬಲ್ಲವರಿಗೆ ತೋರಿಸಬೇಕು. ಗಂಟೆಮಾವು ಅಂಥದ್ದೇ. ನಾವು ನಿತ್ಯ ಅದರ ಮುಂದೆ ಹಾದುಹೋಗುತ್ತಿದ್ದೆವು. ಡಾಂಬರಿನ ಮುಖವಾಡವನ್ನು ನೋಡಿ ಗುಣವಾಗಿದೆಯೆಂದು ನಂಬಿದ್ದೆವು.

ಮರ ಬಿದ್ದ ಎರಡು ತಿಂಗಳಿಗೆ ಶಾಲೆಯ ಆಡಳಿತ ಸಮಿತಿಯು ಸೇರಿ, ಕಟ್ಟಡಗಳ ಹತ್ತಿರದ ಏಳು ಮರಗಳನ್ನೂ ತೆಗೆಸಬೇಕೆಂದು ತೀರ್ಮಾನಕ್ಕೆ ಬಂದಿತು: ಹಲಸು ಎರಡು, ನೇರಳೆ ಒಂದು, ಗುಲ್‌ಮೊಹರ್ ಒಂದು, ತೆಂಗು ಮೂರು. ಮಕ್ಕಳ ಪ್ರಾಣದ ಪ್ರಶ್ನೆ ಬಂದಾಗ ಅಲ್ಲವೆನ್ನುವ ಧೈರ್ಯ ಯಾರಿಗಿದೆ? ನಮಗೂ ಇರಲಿಲ್ಲ. ಆಗ ಹಿರಿಯ ಸದಸ್ಯರೊಬ್ಬರು ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದ ಅಂಜೂರದ ಮರವನ್ನು ನೆನಪಿಸಿದರು. ಫಲವಿಲ್ಲದ ಮರವನ್ನು ಕಡಿಯಬೇಕೆಂದ ಯಜಮಾನನಿಂದ ತೋಟಗಾರನು ಇನ್ನೊಂದು ವರುಷವನ್ನು ಬೇಡಿಕೊಂಡನಷ್ಟೆ. ನಮಗೂ ಒಂದು ವರುಷ ಸಿಕ್ಕಿತು. (ಆ ತೋಟಗಾರನು ಸುತ್ತಲೂ ಅಗೆದು ಗೊಬ್ಬರ ಹಾಕುವೆನೆಂದನು. ನಮ್ಮ ಹಲಸಿನ ಬುಡದಲ್ಲಿ ಆಳವಾಗಿ ಅಗೆದರೆ ಬೇರು ಕಡಿದುಹೋಗುವುದಾದುದರಿಂದ ನಾವು ಗೊಬ್ಬರವನ್ನು ಮೇಲೆಯೇ ಹರಡಿದೆವು.) ಆ ಅವಧಿಯಲ್ಲಿ ಮರಗಳನ್ನು ಒಂದೊಂದಾಗಿ ಪರೀಕ್ಷೆಮಾಡಿಸಿದೆವು. ಗುಲ್‌ಮೊಹರಿನ ಬುಡದಲ್ಲಿ ಅಣಬೆ ಸಿಕ್ಕಿತು, ಮಣ್ಣೂ ಬಿರಿದಿತ್ತು, ಅದು ಹೋಗಲೇಬೇಕಾಗಿತ್ತು.

ಇಲ್ಲಿ ಕಾನೂನಿನ ಮಾತೊಂದನ್ನು ಪೋಷಕರು ತಿಳಿದಿರುವುದು ಒಳ್ಳೆಯದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ನಮ್ಮ ಸ್ವಂತ ಅಂಗಳದ ಮರವನ್ನಾದರೂ ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ಕಡಿಯುವುದೆಂಬ ಮಾತಿನಲ್ಲಿ ತಲೆ ಹಾರಿಸುವುದು, ಬುಡದ ತೊಗಟೆಯನ್ನು ಸುತ್ತಲೂ ಕೆತ್ತುವುದು, ಸುಡುವುದು, ವಿಷ ಹಾಕುವುದು ಎಲ್ಲವೂ ಸೇರಿದೆ. ತೆಂಗು, ಗಾಳಿಮರ, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವಕ್ಕೆ ವಿನಾಯಿತಿಯುಂಟು. ಸತ್ತ, ರೋಗ ಹಿಡಿದ, ಇಲ್ಲವೆ ಪ್ರಾಣಕ್ಕೂ ಆಸ್ತಿಗೂ ಅಪಾಯಕರವಾದ ಮರಕ್ಕೆ ಅಪ್ಪಣೆಯನ್ನು ನಿರಾಕರಿಸುವುದಿಲ್ಲ. ಗುಲ್‌ಮೊಹರಿಗೆ ನಾವು ಅರ್ಜಿ ಕೊಟ್ಟು ಅಪ್ಪಣೆ ಪಡೆದೆವು. ಅಡಿಗೆಮನೆಯ ಮೇಲೆ ವಾಲಿದ್ದ ಒಂದು ತೆಂಗನ್ನು ತೆಗೆಸಿದೆವು. ದೊಡ್ಡ ಹಲಸಿನ ಎರಡು ಗೆಲ್ಲುಗಳನ್ನು ಹಗುರಮಾಡಿಸಿದೆವು; ಅದರ ಕಾಂಡವನ್ನೂ ದಪ್ಪ ಗೆಲ್ಲುಗಳನ್ನೂ ಮುಟ್ಟಲಿಲ್ಲ, ಯಾಕೆಂದರೆ ಹಲಸು ಕಾಯಿ ಬಿಡುವುದು ಅಲ್ಲಿಯೇ. ವಿದ್ಯುತ್ ತಂತಿಗೆ ತಾಗುತ್ತಿದ್ದ ನೇರಳೆಯ ಗೆಲ್ಲನ್ನು ತೆಗೆಯಲು ವಿದ್ಯುತ್ ಕಂಪನಿಯವರನ್ನೇ ಕರೆಸಿದೆವು. ಈ ಒಂದು ಕೆಲಸವನ್ನು ಯಾವ ಮನೆಯವರೂ ತಾವಾಗಿ ಮಾಡಲು ಹೋಗಬಾರದು. ಏಳರಲ್ಲಿ ಐದು ಮರಗಳು ಈಗಲೂ ಇವೆ.

2022ರ ಜೂನ್ ತಿಂಗಳಲ್ಲಿ ಕಸಿಮಾವಿನ ಗಿಡವೊಂದನ್ನು ನೆಟ್ಟೆವು. ಈ ಸಾರಿ ಮೊದಲು ಅಳತೆಯ ಪಟ್ಟಿ ಹಿಡಿದು ಗೋಡೆಯಿಂದ ಮೂವತ್ತು ಅಡಿ, ತಂತಿಯಿಂದ ಅದಕ್ಕೂ ದೂರ ಎಂದು ನೋಡಿಕೊಂಡೆವು; ಗಂಟೆಯನ್ನು ಕಬ್ಬಿಣದ ಕಂಬಕ್ಕೆ ವರ್ಗಾಯಿಸಿದೆವು. ಎರಡನೆಯ ವರುಷಕ್ಕೆ ಗಿಡದಲ್ಲಿ ಎರಡು ತುದಿಗಳು ಸಮನಾಗಿ ಎದ್ದುವು. ಎಂಟನೆಯ ತರಗತಿಯ ಹುಡುಗಿಯರನ್ನು ಸುತ್ತಲೂ ನಿಲ್ಲಿಸಿ, ಉಬ್ಬು ಎಲ್ಲಿದೆಯೆಂದು ಬೆರಳಿನಿಂದ ಮುಟ್ಟಿಸಿ ತೋರಿಸಿ, ಒಬ್ಬಳ ಕೈಗೆ ಕತ್ತರಿ ಕೊಟ್ಟೆವು. "ಡಾಂಬರು ಹಚ್ಚುವುದಿಲ್ಲವಾ ಟೀಚರ್? ನಮ್ಮ ಅಮ್ಮ ಹಚ್ಚಬೇಕು ಅಂತ ಹೇಳಿದ್ದಾರೆ" ಎಂದಳು. ಅವಳ ತಾಯಿ 2006ರಲ್ಲಿ ನಮ್ಮ ತೋಟಗಾರಿಕೆಯ ತರಗತಿಯಲ್ಲಿದ್ದವಳು. ಈ ಲೇಖನವನ್ನು ಬರೆಯುವ ನಿಶ್ಚಯವಾದದ್ದು ಆ ದಿವಸ. ಆ ಕೊಯ್ತದ ಸುತ್ತ ಈಗ ಹೊಸ ತೊಗಟೆಯ ಉಂಗುರ ಮೂಡಿದೆ. ನಡುವಿನಲ್ಲಿ ಕಡಲೆಕಾಳಿನಷ್ಟು ಬಾಯಿ ಮಾತ್ರ ಮುಚ್ಚಲು ಉಳಿದಿದೆ. ಮುಂದಿನ ಕೂಟಕ್ಕೆ ಬರುವವರು ಬಾವಿಯ ಬಲಗಡೆಗೆ ಹೋಗಿ ಅದನ್ನು ನೋಡಬಹುದು.